ಓರೆ ಫ್ರೆಟ್ಟುಗಳ ಐದು ತಂತಿಯ ಬೇಸ್: ಕೈ ಪಳಗಿಸುವುದು ಹೇಗೆ?

ಮಂದ್ರಸ್ಥಾಯಿ (ಕುಲಶೇಖರ, ಮಂಗಳೂರು)

ಎಲ್ಲರಿಗೂ ನಮಸ್ಕಾರ. ಭಾನುವಾರ ಚರ್ಚಿನ ಗಾಯನ ಮಂಡಳಿಯಲ್ಲಿ, ಉಳಿದಂತೆ ರೋಸ್ (ಮದುವೆಗೆ ಮುನ್ನ ತೆಂಗಿನ ಹಾಲು ಹಚ್ಚುವ ಶಾಸ್ತ್ರ) ಮತ್ತು ಮದುವೆ ಕಾರ್ಯಕ್ರಮಗಳಲ್ಲಿ ಬೇಸ್ ಗಿಟಾರ್ ನುಡಿಸುವವನು ನಾನು. ಕಾಲೇಜಿನ ದಿನಗಳಿಂದ ಕೈಯಲ್ಲಿದ್ದದ್ದು 34 ಇಂಚಿನ ಮಾಮೂಲಿ ನಾಲ್ಕು ತಂತಿಯ (ಇ, ಎ, ಡಿ, ಜಿ) ಬೇಸ್. ಕತ್ತಲಲ್ಲಿ ಕೊಟ್ಟರೂ ನುಡಿಸಬಲ್ಲೆ. ಒಮ್ಮೆ ಹಾಲ್‌ನಲ್ಲಿ ಕರೆಂಟು ಹೋದಾಗ ನುಡಿಸಿದ್ದೂ ಇದೆ. ಆಂಪ್ ಸತ್ತಿದ್ದರಿಂದ ಯಾರಿಗೂ ಕೇಳಿಸಲಿಲ್ಲ ಅಷ್ಟೆ.

ಈಗ ದುಬೈಯಿಂದ ರಜೆಗೆ ಬಂದ ಭಾವ ಐದು ತಂತಿಯದೊಂದನ್ನು ತಂದುಕೊಟ್ಟಿದ್ದಾರೆ. ಫ್ರೆಟ್ಟುಗಳು, ಅಂದರೆ ವಾದ್ಯದ ಕತ್ತಿನ (ನೆಕ್) ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳು, ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿರುವ ಮಾದರಿ. ದಪ್ಪದ ಬಿ ತಂತಿಯ ಉದ್ದ 37 ಇಂಚು, ಸಣ್ಣ ಜಿ ತಂತಿಯದು 34. ಏಳನೇ ಫ್ರೆಟ್ ಮಾತ್ರ ನೇರ. ಅದರಿಂದ ಎಡಕ್ಕೂ ಬಲಕ್ಕೂ ಎಲ್ಲವೂ ಓರೆ.

ಐದನೇ ತಂತಿ ಬೇಕೆಂದು ಕೇಳಿದವನು ನಾನೇ. ನಮ್ಮ ಗಾಯಕಿಯರಿಗೆ ಹೆಚ್ಚಿನ ಹಾಡುಗಳಲ್ಲಿ ಇ ಫ್ಲ್ಯಾಟ್ ಅಥವಾ ಡಿ ಶ್ರುತಿಯೇ ಹಿತ. ಕೀಬೋರ್ಡಿನವರು ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಹಾಯಾಗಿ ಕುಳಿತುಬಿಡುತ್ತಾರೆ. ನನಗೆ ಮಾತ್ರ ಇ ತಂತಿಯ ಕೆಳಗೆ ಜಾಗವಿಲ್ಲ. ಮೂಲಸ್ವರವನ್ನು ಒಂದು ಸ್ಥಾಯಿ ಮೇಲೆ ಹಿಡಿಯಬೇಕು, ಅಲ್ಲಿಗೆ ಹಾಡಿನ ತೂಕ ಹೋಯಿತು.

ಆದರೆ ಈ ವಾದ್ಯ ನನ್ನ ಮಾತು ಕೇಳುತ್ತಿಲ್ಲ. ನಟ್‌ನ (ಕತ್ತಿನ ತುದಿಯಲ್ಲಿ ತಂತಿಗಳು ಒರಗುವ ಪಟ್ಟಿ) ಹತ್ತಿರ ಮೊದಲ ನಾಲ್ಕು ಫ್ರೆಟ್ಟುಗಳಲ್ಲಿ ಕಿರುಬೆರಳು ಮುಟ್ಟುವಷ್ಟರಲ್ಲಿ ಅಂಗೈಯ ಅಂಚು ಸೆಳೆಯುತ್ತದೆ. ಬಲಗೈ ಅಭ್ಯಾಸಬಲದಿಂದ ಮೇಲಿನ ತಂತಿಯನ್ನೇ ಇ ಎಂದು ಎಳೆಯುತ್ತದೆ, ಹೊರಡುವುದು ಬಿ. ಬಿ ತಂತಿಯೋ, ನಾನು ಮುಟ್ಟದಿದ್ದರೂ ತನ್ನಷ್ಟಕ್ಕೆ ಗುನುಗುತ್ತಿರುತ್ತದೆ. ಕಣ್ಣು ಹಾಯಿಸಿ ಸರಿಪಡಿಸಿಕೊಳ್ಳೋಣವೆಂದರೆ ಓರೆ ಗೆರೆಗಳನ್ನು ಕಂಡು ಇನ್ನಷ್ಟು ಗೊಂದಲ.

ನನ್ನ ಪ್ರಶ್ನೆ ಇಷ್ಟೇ. ಈ ತೊಂದರೆಗಳಿಗೆ ಫ್ರೆಟ್ಟಿನ ಓರೆಯೇ ಕಾರಣವೇ? ಹಾಗಿದ್ದರೆ ಇದನ್ನು ಯಾರಿಗಾದರೂ ಕೊಟ್ಟು ನೇರ ಫ್ರೆಟ್ಟಿನ ಐದು ತಂತಿಯದನ್ನು ತೆಗೆದುಕೊಳ್ಳುತ್ತೇನೆ. ಕ್ರಿಸ್‌ಮಸ್ ಕಳೆದ ಕೂಡಲೇ ಮದುವೆಗಳು ಸಾಲಾಗಿವೆ. ಭಾವ ಬೇರೆ ಫೋನು ಮಾಡಿದಾಗಲೆಲ್ಲ "ಹೇಗಿದೆ, ಹೇಗಿದೆ" ಎಂದು ವಿಚಾರಿಸುತ್ತಾರೆ.

ಕಡಿಯಾಳಿ ಕಛೇರಿ (ಉಡುಪಿ)

ಓರೆಯನ್ನು ಬೈಯಬೇಡಿ ಮಾರಾಯರೇ, ಪಾಪ, ಅದರ ತಪ್ಪು ತೀರ ಕಡಿಮೆ. ನಿಮಗೆ ತೊಂದರೆ ಕೊಡುತ್ತಿರುವುದು ಉದ್ದ. ಅದಕ್ಕೆ ಪರಿಹಾರ, ನೀವು ದೂರುತ್ತಿರುವ ಆ ಐದನೇ ತಂತಿಯಲ್ಲೇ ಇದೆ.

ಲೆಕ್ಕ ಹಾಕಿ ನೋಡಿ. ನಿಮ್ಮ ಹಳೆಯ ಬೇಸಿನಲ್ಲಿ ನಾಲ್ಕೂ ತಂತಿಗಳ ಉದ್ದ 34 ಇಂಚು. ಹೊಸದರಲ್ಲಿ 37ರಿಂದ 34ಕ್ಕೆ ಸಮನಾಗಿ ಇಳಿಯುತ್ತಾ ಬಂದರೆ ಇ ತಂತಿಗೆ ಸಿಗುವುದು 36.25 ಇಂಚು. ಅಂದರೆ ಇ ತಂತಿಯ ಮೇಲೆ ಮೊದಲ ಫ್ರೆಟ್ಟಿನಿಂದ ನಾಲ್ಕನೆಯದಕ್ಕೆ ಇರುವ ದೂರ ಹಳೆಯದಕ್ಕಿಂತ ಎಂಟೂವರೆ ಮಿಲಿಮೀಟರ್ ಹೆಚ್ಚು. ನಿಮ್ಮ ಅಂಗೈ ಸೆಳೆಯುತ್ತಿರುವುದು ಈ ಎಂಟೂವರೆ ಮಿಲಿಮೀಟರಿಗೆ. 36 ಇಂಚಿನ ನೇರ ಫ್ರೆಟ್ಟಿನ ಬೇಸ್ ಕೊಟ್ಟಿದ್ದರೂ ಇದೇ ನೋವು ಇರುತ್ತಿತ್ತು. ಓರೆಯಿಂದ ಉಪಕಾರವೇ ಆಗಿದೆ: ಎಡಗೈ ಮೊಣಕೈಯಿಂದ ತಿರುಗುವಾಗ ಬೆರಳುಗಳು ನಟ್‌ನ ಬಳಿ ಹೊರಕ್ಕೂ ಮೇಲೆ ಬಂದಂತೆ ಒಳಕ್ಕೂ ತಾವಾಗಿಯೇ ವಾಲುತ್ತವೆ. ಫ್ರೆಟ್ಟುಗಳು ವಾಲಿರುವುದೂ ಹಾಗೆಯೇ. ಕಣ್ಣು ಮುಚ್ಚಿ ನುಡಿಸಿದರೆ ಗೊತ್ತಾಗುತ್ತದೆ. ನೋಡಲೇಬೇಕೆಂದರೆ ಫ್ರೆಟ್ಟುಗಳನ್ನು ನೋಡಬೇಡಿ, ನೆಕ್ಕಿನ ಅಂಚಿನಲ್ಲಿ ನಿಮ್ಮ ಕಡೆಗೆ ಮುಖ ಮಾಡಿರುವ ಚುಕ್ಕಿಗಳನ್ನು ನೋಡಿ.

ಇಷ್ಟು ಉದ್ದ ಯಾಕೆ ಬೇಕು ಎಂದರೆ, ಬಿ ಸ್ವರ ಸೆಕೆಂಡಿಗೆ ಸುಮಾರು 31 ಕಂಪನ. ಅದನ್ನು 34 ಇಂಚಿನಲ್ಲಿ ಕಟ್ಟಿದರೆ ತಂತಿ ಸಡಿಲ, ಸ್ವರದ ಅಂಚು ಮಸುಕು. ಅದೇ ತಂತಿಯನ್ನು 37 ಇಂಚಿಗೆ ಎಳೆದು ಅದೇ ಸ್ವರಕ್ಕೆ ಕಟ್ಟಿದರೆ ಬಿಗಿ ಶೇಕಡಾ 18ರಷ್ಟು ಏರುತ್ತದೆ. ಹಾಗೆಂದು ಜಿ ತಂತಿಯನ್ನೂ 37 ಮಾಡಿದರೆ ಅದು ಅನಗತ್ಯವಾಗಿ ಬಿಗಿದು ಕಿರುಚುತ್ತದೆ. ಆದ್ದರಿಂದ ಪ್ರತಿ ತಂತಿಗೂ ಅದರದೇ ಉದ್ದ. ಉಪಾಯ ಹೊಸದೇನಲ್ಲ, ಹದಿನಾರನೇ ಶತಮಾನದ ಇಂಗ್ಲೆಂಡಿನ ಓರ್ಫೇರಿಯನ್ ಎಂಬ ತಂತಿವಾದ್ಯದಲ್ಲೇ ಓರೆ ಫ್ರೆಟ್ಟುಗಳಿದ್ದವು. ನಮ್ಮ ಕಾಲದ ಗಿಟಾರಿಗೆ ಇದನ್ನು ತಂದು 1989ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ರಾಲ್ಫ್ ನೋವಾಕ್. ಬೇಸಿನಲ್ಲಿ 37–34ರ ಅಳತೆಯನ್ನು ಪ್ರಸಿದ್ಧಿಗೆ ತಂದದ್ದು ಕೆನಡಾದ ಬೇಸ್ ತಯಾರಕ ಸಂಸ್ಥೆ ಡಿಂಗ್‌ವಾಲ್.

ಈಗ ಕೈಯ ವಿಷಯ. ನಟ್‌ನ ಬಳಿ "ಬೆರಳಿಗೊಂದು ಫ್ರೆಟ್" ಎಂಬ ಹಟ ಬಿಡಿ. ನಿಂತು ನುಡಿಸುವ ಡಬಲ್ ಬೇಸಿನವರು 41–42 ಇಂಚಿನ ತಂತಿಯನ್ನು ಆಳುವುದು ತೋರುಬೆರಳು, ನಡುಬೆರಳು, ಕಿರುಬೆರಳು, ಈ ಮೂರರಿಂದ. ಉಂಗುರದ ಬೆರಳು ಕಿರುಬೆರಳಿನ ಜೊತೆಗೇ ಒತ್ತುತ್ತದೆ, ಅದಕ್ಕೆ ಸ್ವಂತ ಕೆಲಸವಿಲ್ಲ. ಮೂರು ಫ್ರೆಟ್ಟುಗಳಿಗೆ ಒಂದು ಹಿಡಿತ. ಮುಂದಿನದಕ್ಕೆ ಇಡೀ ಕೈಯೇ ಜಾರಬೇಕು, ಹೆಬ್ಬೆರಳೂ ಜೊತೆಗೆ. ಹೆಬ್ಬೆರಳನ್ನು ಹಿಂದೆ ನೆಟ್ಟು ಬೆರಳುಗಳನ್ನು ಚಾಚಿದರೆ ನೀವು ಹೇಳಿದ ನೋವು ಖಂಡಿತ.

ಇನ್ನು ಮುಖ್ಯವಾದದ್ದು. ಐದನೇ ತಂತಿ ಎಂದರೆ ಕೆಳಗೆ ನಾಲ್ಕೈದು ಸ್ವರ ಹೆಚ್ಚು ಸಿಕ್ಕಿತು ಎಂದಷ್ಟೇ ಎಲ್ಲರೂ ತಿಳಿಯುತ್ತಾರೆ. ಅದರ ನಿಜವಾದ ಉಪಯೋಗ ಬೇರೆ. ನಿಮ್ಮ ಇ ಫ್ಲ್ಯಾಟ್ ಹಾಡನ್ನೇ ತೆಗೆದುಕೊಳ್ಳಿ. ಇ ಫ್ಲ್ಯಾಟ್ ಇರುವುದು ಬಿ ತಂತಿಯ ನಾಲ್ಕನೇ ಫ್ರೆಟ್ಟಿನಲ್ಲಿ. ಎ ಫ್ಲ್ಯಾಟ್ ಅದರ ಪಕ್ಕದಲ್ಲೇ, ಇ ತಂತಿಯ ನಾಲ್ಕರಲ್ಲಿ. ಬಿ ಫ್ಲ್ಯಾಟ್ ಇ ತಂತಿಯ ಆರರಲ್ಲಿ. ಮದುವೆ ಹಾಡುಗಳಲ್ಲಿ ಮುಕ್ಕಾಲು ಪಾಲು ಇಷ್ಟರಲ್ಲೇ ಮುಗಿಯುತ್ತದೆ, ಕೈ ಅಲ್ಲಾಡುವುದೇ ಇಲ್ಲ. ಎಫ್ ಶ್ರುತಿಯಾದರೆ ಇದೇ ಆಕಾರ ಆರು ಮತ್ತು ಎಂಟನೇ ಫ್ರೆಟ್ಟಿಗೆ ಬರುತ್ತದೆ, ಅಂದರೆ ನಿಮ್ಮ ನೇರ ಫ್ರೆಟ್ಟಿನ ಎಡಬಲಕ್ಕೆ. ಅಲ್ಲಿ ಓರೆಯೂ ಕಾಣದು, ಅಂತರವೂ ಸಣ್ಣದು. ನಾಲ್ಕು ತಂತಿಯಲ್ಲಿ ಎಫ್ ಬೇಕೆಂದರೆ ನಟ್‌ಗೆ ಅಂಟಿಕೊಂಡಿರುವ ಮೊದಲ ಫ್ರೆಟ್ಟಿಗೇ ಓಡಬೇಕಿತ್ತು. ಆ ಓಟದ ಅಗತ್ಯವೇ ಈಗ ಇಲ್ಲ. ಐದರಿಂದ ಒಂಬತ್ತನೇ ಫ್ರೆಟ್ಟಿನ ನಡುವೆ ಮನೆ ಮಾಡಿಕೊಳ್ಳಿ. ಬಿ ತಂತಿಯ ಮೇಲಿನ ಎಫ್, ಜಿ ಸ್ವಲ್ಪ ದುಂಡಗೆ, ಮಬ್ಬಾಗಿ ಕೇಳುತ್ತವೆ. ಭಕ್ತಿಗೀತೆಗೆ ಅದೇ ಚೆಂದ, ಕುಣಿಸುವ ಬೈಲಾ ಹಾಡಿಗೆ ಬೇಡ.

ಬೆಲ್ಟನ್ನು ಸ್ವಲ್ಪ ಗಿಡ್ಡ ಮಾಡಿ, ನೆಕ್ಕಿನ ತುದಿ ಮೇಲೇಳಲಿ. ಕುಳಿತಾಗಲೂ ನಿಂತಾಗಲೂ ವಾದ್ಯ ಒಂದೇ ಎತ್ತರದಲ್ಲಿರಬೇಕು.

ಗುನುಗುವ ಬಿ ತಂತಿಗೆ ಒಂದು ಪರೀಕ್ಷೆ. ಡಿ ತಂತಿಯ ನಾಲ್ಕನೇ ಫ್ರೆಟ್ಟಿನಲ್ಲಿ ಎಫ್ ಶಾರ್ಪ್ ನುಡಿಸಿ, ಕೂಡಲೇ ಆ ತಂತಿಯನ್ನು ತಡೆಯಿರಿ. ಸ್ವರ ನಿಲ್ಲುವುದಿಲ್ಲ. ಈಗ ಬಿ ತಂತಿಯನ್ನು ಅಂಗೈಯಿಂದ ಮುಟ್ಟಿ, ನಿಲ್ಲುತ್ತದೆ. 31ರ ಮೂರು ಪಟ್ಟು ಹತ್ತಿರ ಹತ್ತಿರ 93, ಎಫ್ ಶಾರ್ಪ್ ಇರುವುದೂ ಅಲ್ಲೇ. ಆದ್ದರಿಂದ ಬಿ ತಂತಿ ಅದಕ್ಕೆ ಓಗೊಡುತ್ತದೆ. ಬಲಗೈ ಹೆಬ್ಬೆರಳನ್ನು ಪಿಕಪ್ಪಿನ (ತಂತಿಯ ಕಂಪನ ಹಿಡಿಯುವ ಭಾಗ) ಮೇಲೆ ಊರುವುದನ್ನು ನಿಲ್ಲಿಸಿ. ಇ ನುಡಿಸುವಾಗ ಅದು ಬಿ ತಂತಿಯ ಮೇಲೆ ಒರಗಲಿ. ಎ, ಡಿ ಎಂದು ಮುಂದೆ ಹೋದಂತೆ ಹೆಬ್ಬೆರಳೂ ತೇಲಿಕೊಂಡು ಹಿಂದೆಯೇ ಬರಲಿ, ಅದರ ಬದಿ ಬಿ ಮತ್ತು ಇ ಎರಡನ್ನೂ ಒತ್ತಿಕೊಂಡಿರಲಿ. ಹೀಗೆ ಮಾಡಿದರೆ ತಪ್ಪು ತಂತಿ ಎಳೆಯುವುದೂ ತಾನಾಗಿ ನಿಲ್ಲುತ್ತದೆ, ಏಕೆಂದರೆ ಹೆಬ್ಬೆರಳು ಎಲ್ಲಿದೆ ಎಂಬುದರಿಂದಲೇ ಕೈಗೆ ತಂತಿಯ ಲೆಕ್ಕ ಸಿಗುತ್ತದೆ.

ಬಿಜೈ ನಾಲ್ಕು ತಂತಿ (ಮಂಗಳೂರು)

ಕಡಿಯಾಳಿಯವರು ಲೆಕ್ಕದ ಮೇಷ್ಟ್ರಾಗಬೇಕಿತ್ತು. ನನ್ನ ಅಭಿಪ್ರಾಯ ಬೇರೆ. ಜೇಮ್ಸ್ ಜೇಮರ್ಸನ್ ನಾಲ್ಕು ತಂತಿಯ ಮೇಲೆ, ಬಲಗೈಯ ತೋರುಬೆರಳೊಂದರಲ್ಲೇ, ಅಮೆರಿಕದ ಮೋಟೌನ್ ಧ್ವನಿಮುದ್ರಣ ಸಂಸ್ಥೆಯ ಎಷ್ಟೋ ಹಾಡುಗಳನ್ನು ಹೊತ್ತವರು. ರೋಸ್ ಮನೆಯ ಅಂಗಳದಲ್ಲಿ ತೆಂಗಿನ ಹಾಲು ಹಚ್ಚುವ ಗದ್ದಲದ ನಡುವೆ 31 ಕಂಪನ ಯಾರ ಕಿವಿಗೆ ಬೀಳುತ್ತದೆ? ಸಣ್ಣ ಆಂಪಿನಲ್ಲಿ ಅದು ಹೊರಗೇ ಬರುವುದಿಲ್ಲ, ಕೇಳಿಸುವುದೆಲ್ಲ ಮೇಲಿನ ಅನುಸ್ವರಗಳು. ಹಾಲ್‌ನಲ್ಲಾದರೆ ಸೌಂಡ್‌ನವರು 40ರ ಕೆಳಗೆ ಎಲ್ಲವನ್ನೂ ಕತ್ತರಿಸಿಯೇ ಇಟ್ಟಿರುತ್ತಾರೆ. ಡಿ ಬೇಕೆಂದರೆ ಇ ತಂತಿಯನ್ನು ಒಂದು ಸ್ವರ ಇಳಿಸಿದರಾಯಿತು, ಖರ್ಚಿಲ್ಲ.

ಮಲ್ಪೆ ರಿಪೇರಿ

ನುಡಿಸುವ ವಿಷಯ ನನಗೆ ಬೇಡ, ವಾದ್ಯದ ಬಗ್ಗೆ ಎರಡು ಮಾತು. ದುಬೈಯ ಎ.ಸಿ. ಕೋಣೆಯಿಂದ ನಮ್ಮ ಕರಾವಳಿಯ ಗಾಳಿಗೆ ಬಂದ ನೆಕ್ ಇದು. ಮರ ತೇವ ಹೀರಿಕೊಂಡು ಬಾಗುತ್ತದೆ, ತಂತಿ ಎತ್ತರವಾಗುತ್ತದೆ, ಆಗ ಒತ್ತುವುದಕ್ಕೆ ಹೆಚ್ಚು ಬಲ ಬೇಕು. ಕೈನೋವಿನಲ್ಲಿ ಇದರ ಪಾಲೂ ಇರಬಹುದು. ಬಿ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿ ಒಂದು ಕೈಯಿಂದ, ನೆಕ್ ದೇಹಕ್ಕೆ ಸೇರುವಲ್ಲಿನ ಫ್ರೆಟ್ಟಿನಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿಯಿರಿ. ನಡುವೆ ಎಂಟನೇ ಫ್ರೆಟ್ಟಿನ ಹತ್ತಿರ ತಂತಿಗೂ ಫ್ರೆಟ್ಟಿಗೂ ತೆಳು ಕಾಗದ ತೂರುವಷ್ಟು ಸಂದು ಇರಲಿ. ವಿಸಿಟಿಂಗ್ ಕಾರ್ಡುಗಳೆರಡು ಆರಾಮವಾಗಿ ಹೋದರೆ ಟ್ರಸ್ ರಾಡನ್ನು (ನೆಕ್ಕಿನೊಳಗಿನ ಲೋಹದ ಸರಳು) ಬಿಗಿ ಮಾಡಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ತಿರುಗಿಸಿ, ಮರುದಿನ ನೋಡಿ.

ಎರಡನೆಯದು ತಂತಿ. ಅಂಗಡಿಯಲ್ಲಿ ಸಿಗುವ ಐದರ ಸೆಟ್ಟು ಸಾಮಾನ್ಯವಾಗಿ 34 ಇಂಚಿಗೆ ಮಾಡಿದ್ದು. ಬಿ ತಂತಿಯ ದಪ್ಪ ಸುತ್ತು ಗುಂಡಿನ ತುದಿಯಿಂದ ನಟ್ ದಾಟುವವರೆಗೂ ಇರಬೇಕು, ಆಮೇಲೆ ಸಣ್ಣದಾಗಲಿ. ನಟ್‌ಗಿಂತ ಮೊದಲೇ ಸಣ್ಣದಾದರೆ ಸ್ವರ ಎಲ್ಲೂ ಸರಿಯಾಗಿ ನಿಲ್ಲುವುದಿಲ್ಲ. ವಾದ್ಯದ ಮೇಲೆ ಟೇಪು ಹಿಡಿದು ಅಳೆದುಕೊಂಡು, ಆ ಅಳತೆ ಹೇಳಿಯೇ ತರಿಸಿ. ನುಡಿಸಿದ ಮೇಲೆ ಹತ್ತಿ ಬಟ್ಟೆಯಿಂದ ಒರೆಸದಿದ್ದರೆ ಈ ಉಪ್ಪುಗಾಳಿ ದುಬಾರಿ ತಂತಿಯನ್ನು ಬೇಗ ತಿಂದುಬಿಡುತ್ತದೆ.

ಮಂದ್ರಸ್ಥಾಯಿ (ಕುಲಶೇಖರ, ಮಂಗಳೂರು)

ಎಲ್ಲರಿಗೂ ಧನ್ಯವಾದ. ಮಲ್ಪೆಯವರು ಹೇಳಿದಂತೆ ನೋಡಿದೆ: ಎರಡಲ್ಲ, ಮೂರು ಕಾರ್ಡು ತೂರಿದವು. ಟ್ರಸ್ ರಾಡ್ ಕಾಲು ಸುತ್ತು, ಮರುದಿನ ಇನ್ನೊಂದು ಕಾಲು ಸುತ್ತು ಬಿಗಿದ ಮೇಲೆ ತಂತಿ ಎಷ್ಟೋ ಕೆಳಗಿಳಿದಿದೆ.

ಕಡಿಯಾಳಿಯವರೇ, ನಾಲ್ಕು–ಆರರ ಆಕಾರ ಕೈಗೆ ಕೂತಿತು. ಮಂಡಳಿಯ ಅಭ್ಯಾಸದಲ್ಲಿ ಇ ಫ್ಲ್ಯಾಟ್ ಹಾಡೊಂದನ್ನು ನೆಕ್ ನೋಡದೆ ನುಡಿಸಿದೆ. ಕೆಳಗಿನ ಇ ಫ್ಲ್ಯಾಟ್ ಮೊದಲ ಸಲ ಬಿದ್ದಾಗ ಆಲ್ಟೋ ಹಾಡುವ ಆಂಟಿ ತಿರುಗಿ ನೋಡಿದರು, ಏನೂ ಹೇಳಲಿಲ್ಲ. ಅವರ ಮಟ್ಟಿಗೆ ಅದು ಪ್ರಶಂಸೆಯೇ. ಹೆಬ್ಬೆರಳು ಮಾತ್ರ ಇನ್ನೂ ತೇಲುತ್ತಿಲ್ಲ. ನಿಧಾನದ ಹಾಡಿನಲ್ಲಿ ಸರಿ, ಬೈಲಾ ಶುರುವಾದ ಕೂಡಲೇ ಓಡಿಹೋಗಿ ಪಿಕಪ್ಪಿನ ಮೇಲೆ ಕುಳಿತುಕೊಳ್ಳುತ್ತದೆ.

ಬಿಜೈಯವರೇ, ಇ ತಂತಿ ಇಳಿಸಿ ನೋಡಿದವನೇ ನಾನು. ಆ ಒಂದು ತಂತಿಯ ಮೇಲಿನ ಸ್ವರಗಳೆಲ್ಲ ಎರಡೆರಡು ಫ್ರೆಟ್ ಮುಂದೆ ಸರಿಯುತ್ತವೆ, ಮುಂದಿನ ಹಾಡಿಗೆ ಮತ್ತೆ ಏರಿಸಬೇಕು, ಅಷ್ಟರಲ್ಲಿ ಎಂ.ಸಿ. ಮಾತು ಮುಗಿಸಿರುತ್ತಾರೆ. ಅಂಗಳದಲ್ಲಿ ಕೇಳಿಸುವುದಿಲ್ಲ ಎಂಬ ಮಾತು ಒಪ್ಪಿದೆ. ರೋಸಿಗೆ ಹಳೆಯದನ್ನೇ ಒಯ್ಯುತ್ತೇನೆ.

ಒಂದು ಸಂಶಯ ಉಳಿದಿದೆ. ಹದಿನೈದನೇ ಫ್ರೆಟ್ಟಿನಿಂದ ಮೇಲೆ ಎರಡು ತಂತಿಗಳನ್ನು ಒಟ್ಟಿಗೆ ಹಿಡಿಯುವಾಗ ಓರೆ ನಿಜಕ್ಕೂ ಕಾಡುತ್ತದೆ, ಮಣಿಕಟ್ಟು ತಿರುಚಿಕೊಳ್ಳುತ್ತದೆ. ಅದಕ್ಕೂ ಉಪಾಯವಿದೆಯೇ?

ಕಡಿಯಾಳಿ ಕಛೇರಿ (ಉಡುಪಿ)

ಅಲ್ಲಿ ಓರೆಯದೇ ತಪ್ಪು, ಒಪ್ಪುತ್ತೇನೆ. ಇಪ್ಪತ್ತನಾಲ್ಕನೇ ಫ್ರೆಟ್ಟಿನಲ್ಲಿ ಬಿ ಬದಿಗೂ ಜಿ ಬದಿಗೂ ಮೂರು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿರುತ್ತದೆ. ಒಂದೇ ಬೆರಳನ್ನು ಅಡ್ಡ ಮಲಗಿಸಬೇಡಿ, ಎರಡು ಬೆರಳು ಬಳಸಿ. ಜಿ ಮತ್ತು ಡಿ ತಂತಿಗಳಲ್ಲಷ್ಟೇ ಹಿಡಿಯಿರಿ, ಅವೆರಡರ ನಡುವೆ ಓರೆ ಸ್ವಲ್ಪವೇ. ಮೊಣಕೈಯನ್ನು ದೇಹದಿಂದ ತುಸು ಹೊರಕ್ಕೆ ತನ್ನಿ, ಮಣಿಕಟ್ಟು ನೇರವಾಗುತ್ತದೆ. ಅಂದಹಾಗೆ, ಮದುವೆಯಲ್ಲಿ ಹದಿನೈದನೇ ಫ್ರೆಟ್ಟಿನ ಮೇಲೆ ನಿಮಗೇನು ಕೆಲಸ? ಅಲ್ಲಿ ಕೀಬೋರ್ಡಿನವರು ಇರುತ್ತಾರೆ.