‘ವರ್ಚುವಲ್ ಮೆಷಿನ್’ಗೆ ‘ಮಿಥ್ಯಾಯಂತ್ರ’ ಎನ್ನಬಹುದೆ? ಆತಿಥೇಯ–ಅತಿಥಿ ಜೋಡಿಗೆ ಬೇರೆ ಪದವಿದೆಯೆ?

ಮಾನ್ಯರೆ,

ಕಾಸರಗೋಡಿನ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡುವ ನನಗೆ ಒಂದು ಪದದ ವಿಷಯದಲ್ಲಿ ತಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ. ಕೇರಳದ ಶಾಲೆಗಳ ಗಣಕಗಳಲ್ಲಿ ಉಬುಂಟು ಆಧಾರಿತವಾದ ಕೈಟ್ ಗ್ನೂ/ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಇರುತ್ತದೆ. ನಮ್ಮ ಮಕ್ಕಳ ಮನೆಗಳಲ್ಲಿರುವುದು ಹೆಚ್ಚಾಗಿ ವಿಂಡೋಸ್. ಶಾಲೆಯಲ್ಲಿ ಕಲಿತದ್ದನ್ನು ಮನೆಯಲ್ಲಿ ಮಾಡಿ ನೋಡಬಯಸುವವರಿಗಾಗಿ, ವಿಂಡೋಸನ್ನು ಅಳಿಸದೆ ಅದರಲ್ಲೇ ವರ್ಚುವಲ್‌ಬಾಕ್ಸ್ ಹಾಕಿಕೊಂಡು, ಅದರೊಳಗೆ ಲುಬುಂಟುವಿನಂತಹ ಹಗುರವಾದ ಲಿನಕ್ಸ್ ನಡೆಸುವ ಕ್ರಮವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೀಗೆ ಒಂದು ಗಣಕದೊಳಗೆ ತಂತ್ರಾಂಶದ ಬಲದಿಂದ ನಡೆಯುವ ಇನ್ನೊಂದು ಗಣಕವೇ ‘ವರ್ಚುವಲ್ ಮೆಷಿನ್’. ಅದಕ್ಕೆ ಮೊದಲ ಕರಡಿನಲ್ಲಿ ‘ಮಿಥ್ಯಾಯಂತ್ರ’ ಎಂದು ಬರೆದಿದ್ದೆ. ಅದನ್ನು ಓದಿದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, “ಟೀಚರ್, ಮಿಥ್ಯ ಅಂದರೆ ಸುಳ್ಳಲ್ಲವಾ? ಸುಳ್ಳು ಯಂತ್ರದಲ್ಲಿ ಬರೆದಿಟ್ಟದ್ದು ನಾಳೆಗೆ ಉಳಿಯುತ್ತದಾ?” ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದದ್ದು. ಅಂದಿನಿಂದ ಕರಡು ಮುಂದೆ ಸಾಗಿಲ್ಲ.

ಈ ಪದ ನನಗೆ ಹೊಳೆದದ್ದು ಭೌತಶಾಸ್ತ್ರದ ಪಾಠದಿಂದ. ಕನ್ನಡಿಯೊಳಗೆ ಕಾಣುವ, ಆದರೆ ಪರದೆಯ ಮೇಲೆ ಹಿಡಿಯಲಾಗದ ಬಿಂಬವನ್ನು ನಾವು ‘ಮಿಥ್ಯ ಪ್ರತಿಬಿಂಬ’ ಎನ್ನುತ್ತೇವೆ. ಬೆಳಕಿನ ಕಿರಣಗಳು ಅಲ್ಲಿ ನಿಜವಾಗಿ ಸೇರುವುದೇ ಇಲ್ಲವಾದ್ದರಿಂದ ಅಲ್ಲಿ ಆ ಪದ ಹೊಂದುತ್ತದೆ. ಆದರೆ ವರ್ಚುವಲ್ ಮೆಷಿನ್ ಮಾಡುವ ಲೆಕ್ಕವನ್ನು ನಿಜವಾದ ಪ್ರೊಸೆಸರೇ ಮಾಡುತ್ತದೆ, ಅದರಲ್ಲಿ ಉಳಿಸಿದ ಕಡತ ನಿಜವಾದ ಡಿಸ್ಕಿನ ಮೇಲೆಯೇ ಇರುತ್ತದೆ. ಪೊಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ಇಬ್ಬರು ವಿಜ್ಞಾನಿಗಳು 1974ರಲ್ಲಿ ಇದನ್ನು ನಿರೂಪಿಸುವಾಗ, ನಿಜ ಯಂತ್ರದ ದಕ್ಷವಾದ, ಪ್ರತ್ಯೇಕವಾಗಿರಿಸಿದ ಪ್ರತಿರೂಪ ಎಂಬರ್ಥ ಬರುವಂತೆ ಬರೆದರೇ ಹೊರತು ಸುಳ್ಳುತನದ ಮಾತನ್ನು ಎತ್ತಲಿಲ್ಲ. ‘ವರ್ಚುವಲ್’ ಪದದ ಲ್ಯಾಟಿನ್ ಮೂಲಕ್ಕೆ ಸತ್ವ, ಸಾಮರ್ಥ್ಯ ಎಂಬ ಅರ್ಥಗಳಿವೆ. ಅಂದರೆ ವಸ್ತುವಿನಲ್ಲಿ ಅದಲ್ಲದಿದ್ದರೂ ಫಲದಲ್ಲಿ ಅದೇ ಆಗಿರುವುದು. ಮೂಲಪದವು ಸತ್ವವಿದೆ ಎನ್ನುವಲ್ಲಿ ನಮ್ಮ ಅನುವಾದವು ಏನೂ ಇಲ್ಲ ಎನ್ನುತ್ತಿದೆ. ಇದು ಸಣ್ಣ ವ್ಯತ್ಯಾಸವೆಂದು ನನಗೆ ತೋರುವುದಿಲ್ಲ.

ನೆರೆಯ ಭಾಷೆಗಳಿಂದ ಪದ ತರೋಣವೆಂದರೆ ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕಿದೆ. ವರ್ಚುವಲ್ ರಿಯಾಲಿಟಿಯನ್ನು ಮಲಯಾಳದಲ್ಲಿ ‘ಪ್ರತೀತಿ ಯಾಥಾರ್ಥ್ಯಂ’ ಎನ್ನುತ್ತಾರೆ. ಅಲ್ಲಿ ಪ್ರತೀತಿ ಎಂದರೆ ಮನಸ್ಸಿಗೆ ಆಗುವ ಅನುಭವ, ತೋರಿಕೆ. ಕನ್ನಡದಲ್ಲಿ ಮಾತ್ರ ‘ಈ ಕೆರೆಯ ನೀರಿನಿಂದ ಚರ್ಮರೋಗ ವಾಸಿಯಾಗುತ್ತದೆ ಎಂಬ ಪ್ರತೀತಿಯಿದೆ’ ಎನ್ನುತ್ತೇವೆ, ಅಂದರೆ ಅದು ಜನರ ನಂಬಿಕೆ. ‘ಪ್ರತೀತಿ ಯಂತ್ರ’ವೆಂದರೆ ಕನ್ನಡದ ಮಗು ಏನೆಂದು ತಿಳಿಯಬೇಕು? ಹಿಂದಿಯಲ್ಲಿ ಬಳಸುವ ‘ಆಭಾಸಿ’ಯದ್ದು ಇನ್ನೂ ಕಷ್ಟ. ತೋರಿಕೆಯೆಂಬ ಸಂಸ್ಕೃತದ ಅರ್ಥವು ‘ಹೇತ್ವಾಭಾಸ’ದಂತಹ ಶಾಸ್ತ್ರಪದದಲ್ಲಿ ಉಳಿದಿದೆಯಾದರೂ ಆಡುಮಾತಿನಲ್ಲಿ ‘ಸಭೆಯಲ್ಲಿ ಆಭಾಸವಾಯಿತು’ ಎಂದರೆ ಮುಜುಗರವಾಯಿತು ಎಂದರ್ಥ. ಮಲಯಾಳದಲ್ಲಂತೂ ‘ಆಭಾಸಂ’ ಎಂದರೆ ಅಸಭ್ಯವಾದದ್ದು. ಎರಡೂ ಭಾಷೆಗಳನ್ನು ಮಾತನಾಡುವ ಮಕ್ಕಳಿರುವ ತರಗತಿಯಲ್ಲಿ ಆ ಪದವನ್ನು ಕರಿಹಲಗೆಯ ಮೇಲೆ ಬರೆಯುವಂತಿಲ್ಲ. ‘ಕಲ್ಪಿತ’ ಎಂಬುದಕ್ಕೆ ಮಿಥ್ಯದ ದೋಷವೇ ಇದೆ.

ಎರಡನೆಯ ತೊಡಕು ‘ಹೋಸ್ಟ್’ (ಜಾಗ ಕೊಡುವ ಹೊರಗಿನ ಗಣಕ, ಇಲ್ಲಿ ವಿಂಡೋಸಿನದು) ಮತ್ತು ‘ಗೆಸ್ಟ್’ (ಅದರೊಳಗೆ ನಡೆಯುವ ಲಿನಕ್ಸಿನದು) ಜೋಡಿಯದು. ‘ಆತಿಥೇಯ’, ‘ಅತಿಥಿ’ ಎಂದು ಬರೆಯುವುದು ಸುಲಭ. ಆದರೆ ‘ಆತಿಥೇಯದಲ್ಲಿ ಕಡತವನ್ನಿಟ್ಟು ಅತಿಥಿಯಲ್ಲಿ ತೆರೆಯಿರಿ’ ಎಂದು ಓದಿಹೇಳಿದಾಗ ಕೇಳುವವರಿಗೆ ಎರಡೂ ಒಂದೇ ಆಗಿಬಿಡುತ್ತವೆ. ನಮ್ಮಲ್ಲಿ ಬಂದವರಿಗೆ ‘ನೆಂಟರು’ ಎಂಬ ಪದವಿದೆ, ಬರಮಾಡಿಕೊಂಡವರಿಗೆ ‘ಮನೆಯವರು’ ಎನ್ನುವುದಲ್ಲದೆ ಬೇರೆ ಅಚ್ಚಗನ್ನಡ ಪದ ನನಗೆ ಸಿಕ್ಕಿಲ್ಲ. ಒಂದು ಹಂತದಲ್ಲಿ ಈ ನೆಲದ ಗೇಣಿಯ ಪದಗಳು ನೆನಪಾದವು. 8 ಜಿಬಿ ರ್ಯಾಮ್ ಇರುವ ಗಣಕದಲ್ಲಿ ಒಳಗಿನ ಲಿನಕ್ಸಿಗೆ 2 ಜಿಬಿ ಕೊಟ್ಟರೆ, ಅದನ್ನು ಮುಚ್ಚಿದೊಡನೆ ಅಷ್ಟೂ ವಿಂಡೋಸಿಗೆ ಮರಳುತ್ತದೆ. ಇದು ಒಡೆಯನು ಬೇಕಾದಾಗ ಬಿಡಿಸಬಹುದಾಗಿದ್ದ ಚಾಲಗೇಣಿಯಂತೆ. ಆದರೆ ಒಳಗಿನ ಲಿನಕ್ಸಿಗೆ ಡಿಸ್ಕಾಗಿ ಕೊಟ್ಟ ಕಡತ ಅದನ್ನು ಮುಚ್ಚಿದ ಮೇಲೂ ಇರುತ್ತದೆ, ತುಂಬಿದಂತೆಲ್ಲ ಬೆಳೆಯುವ ಬಗೆಯದಾದರೆ ಒಳಗೆ ಅಳಿಸಿದರೂ ತಾನಾಗಿ ಕುಗ್ಗುವುದಿಲ್ಲ, ಇದು ಶಾಶ್ವತವಾದ ಮೂಲಗೇಣಿಯಂತೆ. ಹೋಲಿಕೆ ಇಷ್ಟು ಹೊಂದಿದರೂ ‘ಒಡೆಯ ಗಣಕ’, ‘ಒಕ್ಕಲು ಗಣಕ’ ಎಂದು ಬರೆಯಲು ಮನಸ್ಸೊಪ್ಪಲಿಲ್ಲ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಯಿತು. ಅದಕ್ಕೆ ಮೊದಲು ಒಕ್ಕಲುಗಳಾಗಿ ದುಡಿದವರ ಮೊಮ್ಮಕ್ಕಳೇ ನನ್ನ ಮುಂದಿನ ಬೆಂಚುಗಳಲ್ಲಿ ಕುಳಿತಿದ್ದಾರೆ. ಆ ಪದ ಅವರಿಗೆ ಬರಿಯ ಉಪಮೆಯಾಗಿ ಉಳಿಯುವುದಿಲ್ಲ.

ವರ್ಚುವಲ್ ಮೆಷಿನ್‌ಗಳನ್ನು ನಡೆಸಿ ನೋಡಿಕೊಳ್ಳುವ, ವರ್ಚುವಲ್‌ಬಾಕ್ಸಿನಂತಹ ತಂತ್ರಾಂಶವಾದ ‘ಹೈಪರ್‌ವೈಸರ್’ಗೆ ‘ಪಾರುಪತ್ಯಗಾರ’ ಎಂದರೆ ಹೇಗೆ ಎಂಬ ಯೋಚನೆಯಿದೆ. ಮೇಲ್ವಿಚಾರಕ ಎಂಬರ್ಥದ ‘ಸೂಪರ್‌ವೈಸರ್’ ಎಂಬ ಇಂಗ್ಲಿಷ್ ಪದ ಆಗಲೇ ಕಾರ್ಯಾಚರಣಾ ವ್ಯವಸ್ಥೆಯ ತಿರುಳಿಗೆ ಸಂದಿದ್ದುದರಿಂದ, ಅದಕ್ಕೂ ಮೇಲಿನದು ಎಂದು ಆ ಹೆಸರು ಹುಟ್ಟಿತು. ಕನ್ನಡದಲ್ಲೂ ‘ಮೇಲ್ವಿಚಾರಕ’ವನ್ನು ಬಿಟ್ಟು ಬೇರೆ ಪದ ಬೇಕು, ದೇವಸ್ಥಾನಗಳ ಆಡಳಿತದಿಂದಾಗಿ ‘ಪಾರುಪತ್ಯಗಾರ’ ನಮ್ಮ ಕಡೆಯವರಿಗೆ ತಿಳಿದಿರುವಂಥದ್ದು.

ಸದ್ಯಕ್ಕೆ ಕರಡಿನಲ್ಲಿ ‘ಒಳಗಣಕ’, ‘ಹೊರಗಣಕ’ ಎಂದು ತಿದ್ದಿಕೊಂಡಿದ್ದೇನೆ. ಒಳಗುತ್ತಿಗೆ, ಒಳಪಂಗಡಗಳ ಸಾಲಿನಲ್ಲಿ ಇದು ಸಹಜವಾಗಿ ಕೂರುತ್ತದೆ, ಸುಳ್ಳೆಂಬ ಕಳಂಕವೂ ಇಲ್ಲ, ಹೋಸ್ಟ್–ಗೆಸ್ಟ್ ತೊಡಕೂ ಬಹುಮಟ್ಟಿಗೆ ತೀರುತ್ತದೆ. ಕೊರತೆಗಳು ಎರಡು. ವಚನಗಳನ್ನು ಓದಿದವರ ಕಣ್ಣು ‘ಒಳಗಣ’ ಎಂದು ಬಿಡಿಸಿಕೊಂಡು ಕೊನೆಯ ‘ಕ’ಕಾರದಲ್ಲಿ ಎಡವಬಹುದು. ಮತ್ತೆ, ಡಿಸ್ಕಿನ ಭಾಗವನ್ನೂ ಸ್ಮೃತಿಯಂತೆ ಬಳಸಿಕೊಳ್ಳುವ ‘ವರ್ಚುವಲ್ ಮೆಮೊರಿ’ಯನ್ನು ಇದೇ ರೀತಿಯಲ್ಲಿ ‘ಒಳಸ್ಮೃತಿ’ ಎಂದರೆ ಅರ್ಥ ಪೂರ್ತಿ ಕೆಡುತ್ತದೆ.

ಆದ್ದರಿಂದ ಕೇಳುತ್ತಿದ್ದೇನೆ: ‘ವಸ್ತುವಿನಲ್ಲಿ ಅಲ್ಲ, ಫಲದಲ್ಲಿ ಹೌದು’ ಎಂಬ ಅರ್ಥವನ್ನು ಹೊರಬಲ್ಲ, ಯಂತ್ರಕ್ಕೂ ಸ್ಮೃತಿಗೂ ಒಂದೇ ರೀತಿ ಸೇರಬಲ್ಲ ವಿಶೇಷಣ ಕನ್ನಡದಲ್ಲಿ, ಹಳಗನ್ನಡದಲ್ಲಾದರೂ ಇದೆಯೆ? ಇಲ್ಲವಾದರೆ ‘ವರ್ಚುವಲ್’ ಎಂಬುದನ್ನೇ ಉಳಿಸಿ, ಯಂತ್ರಕ್ಕೆ ಮಾತ್ರ ‘ಒಳಗಣಕ’ ಎಂದರೆ ಒಪ್ಪುತ್ತೀರಾ? ಅಕ್ಕಲಕೋಟೆ, ಆದವಾನಿ, ಹೊಸೂರು ಕಡೆಗಳಲ್ಲಿ ಕನ್ನಡದಲ್ಲಿ ಪಾಠ ಮಾಡುವವರು ಈ ಬಳಗದಲ್ಲಿದ್ದರೆ, ಮರಾಠಿ, ತೆಲುಗು, ತಮಿಳುಗಳ ನಡುವೆ ಬೆಳೆಯುವ ನಿಮ್ಮ ಮಕ್ಕಳ ಕಿವಿಗೆ ‘ಒಳಗಣಕ’ ಹೇಗೆ ಕೇಳಿಸುತ್ತದೆ ಎಂಬುದನ್ನು ದಯವಿಟ್ಟು ತಿಳಿಸಿರಿ.