ಸಹಾಯ ಬೇಕು: ಹೋಮ್ ಅಸಿಸ್ಟೆಂಟ್ ಕೋಡ್‌ನಲ್ಲಿ ನನ್ನ ಬದಲಾವಣೆ ಉಳಿಸಿಕೊಳ್ಳುವುದು ಹೇಗೆ?

ಮನೆಯ ದೀಪ, ಉಪಕರಣಗಳನ್ನು ನಿಯಂತ್ರಿಸುವ ಹೋಮ್ ಅಸಿಸ್ಟೆಂಟ್ ತಂತ್ರಾಂಶದ ಮೂಲ ಕೋಡನ್ನು ಗಿಟ್‌ನಲ್ಲಿ ಫೋರ್ಕ್ ಮಾಡಿಕೊಂಡು (ನನ್ನದೇ ಪ್ರತಿ ಮಾಡಿಕೊಂಡು), ಒಂದು ಇಂಟಿಗ್ರೇಷನ್‌ನಲ್ಲಿ (ಸಾಧನ ಅಥವಾ ಸೇವೆಯನ್ನು ಅದಕ್ಕೆ ಜೋಡಿಸುವ ಭಾಗದಲ್ಲಿ) ನನಗೆ ಬೇಕಾದಂತೆ ನಾಲ್ಕು ಸಣ್ಣ ಬದಲಾವಣೆ ಮಾಡಿದ್ದೇನೆ. ಬೇರೆ ಬ್ರಾಂಚ್ (ಕೋಡ್‌ನ ಕವಲು) ತೆರೆಯದೆ ನೇರವಾಗಿ ಮುಖ್ಯ ಕವಲಾದ ‘ಡೆವ್’ನಲ್ಲೇ ಕಮಿಟ್ ಮಾಡಿದ್ದು, ಅಂದರೆ ಬದಲಾವಣೆ ದಾಖಲಿಸಿದ್ದು, ನನ್ನದೇ ಸೋಮಾರಿತನ, ಈಗ ಅದರ ಫಲ ಉಣ್ಣುತ್ತಿದ್ದೇನೆ. ಪ್ರತಿ ತಿಂಗಳು ಹೊಸ ಆವೃತ್ತಿಯನ್ನು ಮರ್ಜ್ ಮಾಡುವಾಗ (ನನ್ನ ಪ್ರತಿಗೆ ಸೇರಿಸುವಾಗ) ಅದೇ ಎರಡು ಕಡತಗಳಲ್ಲಿ ಕಾನ್‌ಫ್ಲಿಕ್ಟ್: ಅವರ ಸಾಲಿಗೂ ನನ್ನ ಸಾಲಿಗೂ ಘರ್ಷಣೆ, ಯಾವುದು ಉಳಿಯಬೇಕೆಂದು ನಾನೇ ಆರಿಸಬೇಕು. ಕಳೆದ ಸಲ ಗಡಿಬಿಡಿಯಲ್ಲಿ ತಪ್ಪು ಸಾಲನ್ನು ಉಳಿಸಿಕೊಂಡೆ, ರಾತ್ರಿಯಿಡೀ ದೀಪಗಳು ಆರಲೇ ಇಲ್ಲ.

ಆ ನಾಲ್ಕು ಕಮಿಟ್‌ಗಳನ್ನಷ್ಟೇ ಹೊಸ ಆವೃತ್ತಿಯ ಟ್ಯಾಗ್ (ಆ ಆವೃತ್ತಿಯ ಗುರುತು) ಮೇಲೆ ರಿಬೇಸ್ ಮಾಡಲೇ, ಅಂದರೆ ಎತ್ತಿ ಅದರ ಮೇಲೆ ಮತ್ತೆ ಕೂರಿಸಲೇ? ಅಥವಾ ಇಂಟಿಗ್ರೇಷನ್ ಅನ್ನು ಬಳಕೆದಾರರ ಸ್ವಂತ ಇಂಟಿಗ್ರೇಷನ್‌ಗಳನ್ನು ಇಡುವ ‘ಕಸ್ಟಮ್ ಕಾಂಪೊನೆಂಟ್ಸ್’ ಫೋಲ್ಡರಿಗೆ ನಕಲಿಸಲೇ? ಹೆಸರು ಒಂದೇ ಆಗಿದ್ದರೆ ಮೂಲದ್ದರ ಬದಲು ಅದೇ ಓಡುತ್ತದೆ, ಗೊತ್ತು. ಆದರೆ ಮೂಲದಲ್ಲಿ ಆಗುವ ತಿದ್ದುಪಡಿಗಳು ಅದಕ್ಕೆ ತಾನಾಗಿ ಬರುವುದಿಲ್ಲವಲ್ಲ! ಮಾಡಿ ನೋಡಿದವರು ಟೈಪ್ ಮಾಡಬೇಕಾದ ಕಮಾಂಡ್‌ಗಳ ಸಮೇತ ತಿಳಿಸಿದರೆ ಉಪಕಾರವಾಗುತ್ತದೆ.