ನೆವಾಡಾದಿಂದ ಡೈವೋರ್ಸ್ ಸಮನ್ಸ್: ಮೈಸೂರಿನಲ್ಲಿರುವ ಅಕ್ಕ ಏನು ಮಾಡಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ಅಕ್ಕನ ಮದುವೆ ಮೈಸೂರಿನ ಛತ್ರದಲ್ಲಿ ಆಗಿದ್ದು, ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿಯೂ ಇದೆ. ಐದು ವರ್ಷ ಭಾವನ ಜೊತೆ ಕ್ಯಾಲಿಫೋರ್ನಿಯಾದಲ್ಲಿದ್ದಳು. ಒಂದೂವರೆ ವರ್ಷದಿಂದ ನಮ್ಮ ಮನೆಯಲ್ಲಿದ್ದಾಳೆ. ಮಕ್ಕಳಿಲ್ಲ. ಭಾವ ನೆವಾಡಾಕ್ಕೆ ಮನೆ ಬದಲಿಸಿ, ಎರಡೇ ತಿಂಗಳಲ್ಲಿ ಅಲ್ಲಿ ಡೈವೋರ್ಸ್‌ಗೆ ಹಾಕಿದ್ದಾರೆ. 'ಹೊಂದಾಣಿಕೆ ಇಲ್ಲ' ಅನ್ನೋದಷ್ಟೇ ಕಾರಣ. ಸಮನ್ಸ್ ಕೊರಿಯರ್‌ನಲ್ಲಿ ಬಂತು. 'ಅಮೆರಿಕದ ಕೋರ್ಟ್ ಇಲ್ಲಿ ನಡೆಯಲ್ಲ, ಸುಮ್ನೆ ಇದ್ದುಬಿಡಿ' ಅಂತಾರೆ ನೆಂಟರು. ಸರಿನಾ?

ವಕೀಲರ ಉತ್ತರ: ನೆಂಟರು ಹೇಳಿದ್ದು ಅರ್ಧ ಸರಿ. ಆ ಇನ್ನರ್ಧವೇ ಅಪಾಯ.

ನೆವಾಡಾ ಯಾಕೆ ಅಂದರೆ, ಅಲ್ಲಿ 6 ವಾರ ವಾಸವಿದ್ದರೆ ಅರ್ಜಿ ಹಾಕಬಹುದು. 1931ರಿಂದ ಇರುವ ನಿಯಮ. ಆ ಕಾಲದಲ್ಲಿ ರೀನೋ ಊರಿಗೆ ಜನ ಇದಕ್ಕೆಂದೇ ಬರುತ್ತಿದ್ದರು! ಕ್ಯಾಲಿಫೋರ್ನಿಯಾದಲ್ಲಾದರೆ ಸಮನ್ಸ್ ಮುಟ್ಟಿದ ಮೇಲೂ ಕನಿಷ್ಠ 6 ತಿಂಗಳು ಕಾಯಬೇಕು. ತನಗೆ ಅನುಕೂಲವಾದ ಕೋರ್ಟ್ ಹುಡುಕಿಕೊಂಡು ಹೋಗುವ ಇದಕ್ಕೇ ಫೋರಂ ಶಾಪಿಂಗ್ ಅನ್ನುವುದು.

ನಮ್ಮ ಸುಪ್ರೀಂ ಕೋರ್ಟ್ 1991ರಲ್ಲಿ ವೈ. ನರಸಿಂಹ ರಾವ್ ಪ್ರಕರಣದಲ್ಲಿ ಇಂಥದ್ದನ್ನೇ ನೋಡಿತ್ತು. ಮದುವೆ ತಿರುಪತಿಯಲ್ಲಿ. ಗಂಡ ಮಿಸೌರಿಯಲ್ಲಿ 90 ದಿನ ವಾಸವಿದ್ದೆ ಅಂತ ಹೇಳಿ ಡೈವೋರ್ಸ್ ತಂದ, ಇನ್ನೊಂದು ಮದುವೆಯೂ ಆದ. ಆ ಡಿಕ್ರಿಗೆ, ಅಂದರೆ ಅಲ್ಲಿನ ಕೋರ್ಟಿನ ತೀರ್ಪಿನ ಆದೇಶಕ್ಕೆ, ಇಲ್ಲಿ ಬೆಲೆ ಇಲ್ಲ ಅಂದಿತು ಕೋರ್ಟ್. ಯಾವ ಕಾಯ್ದೆಯಡಿ ಮದುವೆಯೋ, ಕೋರ್ಟಿನ ವ್ಯಾಪ್ತಿಯೂ (ಕೇಸು ನಡೆಸುವ ಅಧಿಕಾರ) ಡೈವೋರ್ಸ್‌ನ ಕಾರಣವೂ ಅದೇ ಕಾಯ್ದೆಗೆ ಹೊಂದಬೇಕು. ಬರೀ 'ಹೊಂದಾಣಿಕೆ ಇಲ್ಲ' ಅನ್ನುವುದು ನಮ್ಮ ಕಾಯ್ದೆಯಲ್ಲಿ ಕಾರಣವೇ ಅಲ್ಲ.

ಈಗ ಆ ಇನ್ನರ್ಧ. ಅಕ್ಕ ಸುಮ್ಮನಿದ್ದರೆ ಅಲ್ಲಿ ಏಕಪಕ್ಷೀಯ ಡಿಕ್ರಿ, ಅಂದರೆ ಆಕೆಯ ಮಾತು ಕೇಳದೆಯೇ ಡೈವೋರ್ಸ್, ಆಗಿಬಿಡಬಹುದು. ಅಮೆರಿಕದ ಮಟ್ಟಿಗೆ ಆತ ಒಂಟಿ, ಇಲ್ಲಿ ಅಕ್ಕ ಇನ್ನೂ ಆತನ ಹೆಂಡತಿ. ಈ ತ್ರಿಶಂಕು ಸ್ಥಿತಿಯಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡವರನ್ನು ನಾನು ನೋಡಿದ್ದೇನೆ. ಹಾಗಂತ ಆತುರದಲ್ಲಿ ಪೂರ್ತಿ ಉತ್ತರ ಬರೆದು ವಾದಕ್ಕೂ ಇಳಿಯಬೇಡಿ. ಆ ಕೋರ್ಟಿನ ವ್ಯಾಪ್ತಿಯನ್ನು ಅಕ್ಕ ಒಪ್ಪಿಕೊಂಡಂತೆ ಆಗುತ್ತದೆ. ನೆವಾಡಾದ ವಕೀಲರೊಬ್ಬರಿಂದ ಮೊದಲ ಉತ್ತರದಲ್ಲೇ 'ನನ್ನ ಮೇಲೆ ನಿಮಗೆ ವ್ಯಾಪ್ತಿ ಇಲ್ಲ' ಅಂತ ತಕರಾರು ಹಾಕಿಸಿ. ಕೊರಿಯರ್ ವಿಷಯವನ್ನೂ ಎತ್ತಿಸಿ. ಬೇರೆ ದೇಶಕ್ಕೆ ಕೋರ್ಟಿನ ಕಾಗದ ಮುಟ್ಟಿಸುವ ಬಗೆಗಿನ ಹೇಗ್ ಒಪ್ಪಂದದ ಪ್ರಕಾರ ಇಲ್ಲಿಗೆ ಸಮನ್ಸ್ ನಮ್ಮ ಕಾನೂನು ಸಚಿವಾಲಯದ ಮೂಲಕ ಬರಬೇಕು. ಅಂಚೆ ದಾರಿಗೆ ಭಾರತ ಆಕ್ಷೇಪ ಹೇಳಿದೆ. ಗಡುವು ಸಮನ್ಸ್ ಮೇಲೆಯೇ ಇರುತ್ತದೆ, ಇವತ್ತೇ ನೋಡಿ.

ಪ್ರಶ್ನೆ ಕೇಳಿದವರು: ಮೈಸೂರಲ್ಲೇ ಕೇಸ್ ಹಾಕಿ ಅದನ್ನು ನಿಲ್ಲಿಸೋಕೆ ಆಗುತ್ತಾ ಮೇಡಂ? ಜೀವನಾಂಶದ ಗತಿ?

ವಕೀಲರ ಉತ್ತರ: ತಡೆ ಕೇಳಬಹುದು. ಆದರೆ ಆ ಆದೇಶ ನಿಮ್ಮ ಭಾವನನ್ನು ಕಟ್ಟುತ್ತದೆಯೇ ಹೊರತು ನೆವಾಡಾದ ನ್ಯಾಯಾಧೀಶರನ್ನಲ್ಲ. ಆತನಿಗೆ ಇಲ್ಲಿ ಆಸ್ತಿ, ಓಡಾಟ ಇದ್ದರೆ ಬಿಸಿ ಮುಟ್ಟುತ್ತದೆ. ಜೀವನಾಂಶದ ಅರ್ಜಿ ಮಾತ್ರ ಇಲ್ಲಿ ಬೇಗ ಹಾಕಿ. ಅಲ್ಲೂ ಒಂದು ಆಸರೆ ಇದೆ. 1957ರ ವಾಂಡರ್‌ಬಿಲ್ಟ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಹೆಂಡತಿಯ ಮೇಲೆ ವ್ಯಾಪ್ತಿ ಇಲ್ಲದ ನೆವಾಡಾ ಕೋರ್ಟ್ ಅವಳ ಜೀವನಾಂಶದ ಹಕ್ಕು ಕಿತ್ತುಕೊಳ್ಳಲಾಗದು ಅಂದಿದೆ.

ಇನ್ನೊಬ್ಬ ಸದಸ್ಯರು: ನಾವಿಬ್ಬರೂ ಒಪ್ಪಿಕೊಂಡೇ ಟೆಕ್ಸಾಸ್‌ನಲ್ಲಿ ಡೈವೋರ್ಸ್ ತಗೊಂಡೆವು. ಅದೂ ಬಿದ್ದುಹೋಯ್ತಾ?

ವಕೀಲರ ಉತ್ತರ: ಇಲ್ಲ. ಇಬ್ಬರ ಒಪ್ಪಿಗೆ ಇದ್ದರೆ ಅದೇ 1991ರ ತೀರ್ಪಿನಲ್ಲಿ ವಿನಾಯಿತಿ ಇದೆ. ಒಪ್ಪಿಗೆಯ ಕಾಗದ, ಡಿಕ್ರಿಯ ದೃಢೀಕೃತ ಪ್ರತಿ ಜೋಪಾನವಾಗಿಡಿ.